ಬೋರಲು ಹೊರಳುವವರ ಮೊಣಕಾಲು

ಹೀಲ್ ಹುಕ್ ಎಂಬ ಪಟ್ಟನ್ನು ನಿಷೇಧಿಸಬೇಕೋ ಬೇಡವೋ ಎಂದು ಬರೆದುಕೊಡುವ ಕೆಲಸ ನನಗೆ ಬಂದದ್ದು ನನ್ನ ಬರವಣಿಗೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಕುಸ್ತಿ, ಗುದ್ದಾಟ ಎಲ್ಲ ಬೆರೆತ ಎಂಎಂಎ ಕಲಿಸುವವರು ಸೇರಿ ಒಂದು ಪಂದ್ಯಾವಳಿ ಇಟ್ಟುಕೊಂಡಿದ್ದರು. ನಿಯಮಗಳ ಹಾಳೆಯಲ್ಲಿ ಕೊನೆಯ ಸಾಲು ಮಾತ್ರ ಖಾಲಿ ಇತ್ತು. ಅದರ ಬಗ್ಗೆ ಅವರವರಲ್ಲೇ ಹೊಂದಾಣಿಕೆಯಾಗಲಿಲ್ಲ. ನನ್ನ ಕಡೆ ತಳ್ಳಿದರು.

ಹೊಸದುರ್ಗದಲ್ಲಿ ಕಲಿಸುವವನು ನನ್ನ ಸೋದರಮಾವನ ಮಗ. ಶ್ರೀರಾಂಪುರದ ಗರಡಿಯಲ್ಲಿ ಕುಸ್ತಿ ಕಲಿತವನು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಜೊತೆ ಒಂದಿಷ್ಟು ಜೂಡೊ ಕಲಿತು ಬಂದ ನಾನೇ ಅವನನ್ನು ಮಣ್ಣಿನಿಂದ ಎಬ್ಬಿಸಿ ಮ್ಯಾಟಿನ ಮೇಲೆ ನಿಲ್ಲಿಸಿದ್ದು. ಎರಡನೇ ಪಂದ್ಯದಲ್ಲೇ, ಹೊಳಲ್ಕೆರೆಯಲ್ಲಿ, ಅವನ ಬಲ ಮೊಣಕಾಲು ಹೋಯಿತು.

ಈ ಪಟ್ಟಿನಲ್ಲಿ ಎದುರಾಳಿ ನಿಮ್ಮ ಹಿಮ್ಮಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಿರುಚುತ್ತಾನೆ. ತಿರುಗುವುದು ಪಾದ, ಹರಿಯುವುದು ಮೊಣಕಾಲು. ನೋವು ತಿಳಿಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹಾಗಾಗಿ ಬೇಗನೆ ಕೈ ತಟ್ಟಿ ಸೋಲೊಪ್ಪಬೇಕು. ಗರಡಿಯಲ್ಲಿ ಸೋಲೊಪ್ಪುವ ರೂಢಿಯೇ ಇಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಸೋಲು, ಅಷ್ಟೆ. ತಾಗುತ್ತದೆ ಅನ್ನಿಸಿದ ಕೂಡಲೇ ಬೋರಲು ಹೊರಳುವುದು ಅಲ್ಲಿನ ಮೊದಲ ಪಾಠ. ಅವನು ಹೊರಳಿದ. ತಿರುಚುತ್ತಿದ್ದ ಕೈಗೆ ಉಲ್ಟಾ ದಿಕ್ಕಿಗೆ.

ಆಗ ಮ್ಯಾಟಿನ ಅಂಚಿನಲ್ಲಿ ನಿಂತು ‘ಹೊಳ್ಳು, ಹೊಳ್ಳು’ ಎಂದು ಕೂಗಿದವನು ನಾನು. ಹಾಗೆಂದು ನನ್ನ ನೆನಪು. ಕೆಲವು ಸಲ ಆ ದನಿ ಪಕ್ಕದಲ್ಲಿದ್ದ ಇನ್ಯಾರದೋ ಅನ್ನಿಸುತ್ತದೆ. ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಓದಿದ್ದೇನೆ. ಆ ಓದು ನನಗೆ ಅನುಕೂಲವಾದಾಗಲೇ ನೆನಪಾಗುತ್ತದೆ ಎಂಬುದು ನನ್ನ ಅನುಮಾನ. ಈ ಲೆಕ್ಕಾಚಾರ ಹಾಕಿ ಹಾಕಿ ಸಾಕಾಗಿದೆ.

ಹಾಳೆ ಹಿಡಿದು ಅವನ ಹತ್ತಿರ ಹೋದೆ. ಹಳೆಯ ಕೊಬ್ಬರಿ ಗೋದಾಮಿನಲ್ಲಿ ಮ್ಯಾಟ್ ಹಾಸಿದ್ದಾನೆ. ಬೆವರಿನ ಜೊತೆ ಇನ್ನೂ ಕೊಬ್ಬರಿ ವಾಸನೆ. ಅವನ ಮಗಳು ಕೈಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಡಿಗ್ರಿ ಎರಡನೇ ವರ್ಷ, ಈ ಪಂದ್ಯಾವಳಿಯಲ್ಲಿ ಅವಳ ಹೆಸರೂ ಇದೆ. ಅಪ್ಪನಿಗೆ ನಿಷೇಧ ಬೇಕು, ಮಗಳಿಗೆ ಬೇಡ. ತಲೆಗೆ ಗುದ್ದುವುದಕ್ಕೆ ಅಡ್ಡಿಯಿಲ್ಲದ ಆಟದಲ್ಲಿ ಕಾಲು ತಿರುಚುವುದಕ್ಕೇಕೆ ಅಡ್ಡಿ ಎಂದು ಚಿತ್ರದುರ್ಗದವರೂ ಫೋನಿನಲ್ಲಿ ಕೇಳಿದ್ದರು. ಮುರಿದದ್ದು ಕಣ್ಣಿಗೆ ಕಂಡರೆ ನಿಷೇಧಿಸುತ್ತೇವೆ, ಕಾಣದಿದ್ದರೆ ಚಪ್ಪಾಳೆ ತಟ್ಟುತ್ತೇವೆ.

ಆ ದಿನ ಕೂಗಿದ್ದು ನಾನು ಎಂದು ಅವನಿಗೆ ಕೊನೆಗೂ ಹೇಳಿದೆ. ಅವನು ಚಹಾ ಊದಿ ಕುಡಿಯುತ್ತಲೇ ಇದ್ದ.

“ಕೂಗಿದ್ಯೋ ಬಿಟ್ಯೋ, ನಂಗೆ ಯಾವ್ದೂ ಕೇಳ್ಸಿಲ್ಲ ಭಾವ. ಬೆನ್ನು ತಾಗ್ತೈತೆ ಅನ್ನಿಸ್ತು, ಮೈ ತಾನೇ ಹೊಳ್ತು. ಓದ್ಕಂಡೋರಿಗೆ ಎಲ್ಲಾದ್ರಾಗೂ ತಮ್ದೊಂದು ಪಾಲು ಇರ್ಬೇಕು, ಅಲ್ವಾ?”

ಹಗುರವಾಗಬೇಕಿತ್ತು. ಇಷ್ಟು ವರ್ಷ ಹೊತ್ತ ತಪ್ಪು ನನ್ನದೇ ಅಲ್ಲವೇನೋ ಎಂದು ಇನ್ನಷ್ಟು ಸುಸ್ತಾಯಿತು. ಆದರೆ ‘ಮೈ ತಾನೇ’ ಎಂಬ ಮಾತು ತಲೆಯಲ್ಲಿ ಉಳಿಯಿತು. ಮಗಳಿಗೂ ಚಿಕ್ಕಂದಿನಿಂದ ಕುಸ್ತಿ ಕಲಿಸಿದವನು ಇವನೇ.

ಅವಳನ್ನು ಮ್ಯಾಟಿನ ಮೇಲೆ ಕೂರಿಸಿದೆ. ಹಿಮ್ಮಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ, ತಿರುಚಲಿಲ್ಲ. ಸುಮ್ಮನೆ ಅವಳ ಭುಜವನ್ನು ಹಿಂದಕ್ಕೆ ನೂಕಿದೆ. ಬೆನ್ನು ಮ್ಯಾಟಿಗೆ ಸೋಕುವ ಮೊದಲೇ ಅವಳು ಬೋರಲು ಹೊರಳಿದಳು. ಅಂದು ಅಪ್ಪ ಹೊರಳಿದ ದಿಕ್ಕಿಗೇ. ನಾನು ಕಾಲು ಬಿಟ್ಟುಬಿಟ್ಟೆ.

ಅವನು ಚಹಾದ ಲೋಟ ಕೆಳಗಿಟ್ಟ.

“ಹಂಗೆ ಹೊಳ್ಳಬಾರ್ದು ಅಂತ ನಂಗೂ ಗೊತ್ತು ಮಾಮ,” ಎಂದಳು. ಮುಖ ಕೆಂಪಾಗಿತ್ತು. ಇನ್ನೊಮ್ಮೆ ಮಾಡಿ ಎಂದಳು. ಮಾಡಿದೆ. ಮತ್ತೆ ಅದೇ.

ಈ ವರ್ಷ ಹೀಲ್ ಹುಕ್ ಇಲ್ಲ ಎಂದು ಬರೆದೆ. ಅದು ತರ್ಕವಲ್ಲ, ಕಣ್ಣೆದುರಿನ ಒಂದು ಮೊಣಕಾಲು ಅಷ್ಟೆ. ಅವಳು ಬಗ್ಗಿ ಓದಿದಳು.

“ತಲೆಗೆ ಗುದ್ದೋದು?”

ಅದು ಇರುತ್ತದೆ ಎಂದೆ.

“ಅಂದ್ರೆ ತಲೆ ಹೋದ್ರೆ ನಡೀತೈತೆ, ನೀವು ನೋಡಿರೋ ಕಾಲು ಮಾತ್ರ ಹೋಗ್ಬಾರ್ದು. ಚೆನ್ನಾಗೈತೆ ಬಿಡ್ರಿ ನಿಮ್ಮ ನ್ಯಾಯ.”

ಅವಳು ಹೇಳಿದ್ದು ಸರಿ. ಆದರೂ ಹಾಳೆಯ ಫೋಟೊ ತೆಗೆದು ಉಳಿದ ಮೂವರಿಗೂ ಕಳಿಸಿದೆ.

ಅವನು ಗೋಡೆ ಹಿಡಿದು ಎದ್ದ, ಕುಂಟುತ್ತ ಬಂದು ಮಗಳ ಎದುರು ಕೂತ. ಕುಸ್ತಿಯ ಮಾತು ಎತ್ತಲಿಲ್ಲ. ಅವಳ ಹಿಮ್ಮಡಿ ಹಿಡಿದು, ಈ ಕಡೆಗಲ್ಲ ಆ ಕಡೆಗೆ, ಬೆನ್ನು ತಾಗಿದರೆ ತಾಗಲಿ ಎಂದು ಹೇಳಿಕೊಡತೊಡಗಿದ. ತಾನೇ ಹಾಕಿಕೊಟ್ಟ ಪಾಠವನ್ನು ತಾನೇ ಅಳಿಸುತ್ತಿದ್ದ. ನಾನು ಚಪ್ಪಲಿ ಹಾಕಿಕೊಂಡು ಹೊರಡುವಾಗಲೂ ಅವಳು ಮೊದಲು ಹೊರಳುತ್ತಿದ್ದುದು ಬೋರಲಾಗಿಯೇ.