ಪನಿಯಲ್ಲಿ ಕಪ್ಪಾದ ಮುಖ

ಪ್ರತಿ ಫೆಬ್ರವರಿಯಲ್ಲೂ ನನ್ನ ಅತ್ತೆಯ ಮುಖ ಎರಡು ಬಣ್ಣದ್ದಾಗಿರುತ್ತಿತ್ತು. ಕಣ್ಣುಗಳ ಸುತ್ತ, ಮೂಗಿನ ನಡುವಿನವರೆಗೆ ಅವರ ಎಂದಿನ ಗೋಧಿಬಣ್ಣ. ಅದರ ಕೆಳಗೆ ಕೆನ್ನೆ, ಗಲ್ಲ, ತುಟಿಯ ಅಂಚು ಎಲ್ಲ ಸುಟ್ಟ ಹಾಗೆ ಕಪ್ಪು. ನಡುವೆ ಸ್ಕೇಲು ಇಟ್ಟು ಎಳೆದಂತೆ ಒಂದು ಗೆರೆ. ಮೂಗಿನ ತುದಿಯಲ್ಲಿ ಸಿಪ್ಪೆ ಏಳುತ್ತಿತ್ತು. ಹಿಮದ ಮೇಲೆ ಬಿದ್ದ ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ದೊಡ್ಡ ಕನ್ನಡಕ ಮುಚ್ಚಿದ ಜಾಗವಷ್ಟೇ ಉಳಿದುಕೊಳ್ಳುತ್ತದೆ.

ಚೆನ್ನೈಯ ಮಾಧವರಂನಲ್ಲಿ ನಮ್ಮ ಬೀದಿಯ ಹಾಲಿನ ಬೂತಿನಾಕೆ ಮೊದಲ ಸಲ ನೋಡಿದಾಗ ಗಾಬರಿಯಾದಳು. “ಮುಗತ್ತುಕ್ಕು ಎನ್ನಮ್ಮಾ ಆಚ್ಚು?” ಎಂದು ಕೇಳಿದಳು. ಮುಖಕ್ಕೆ ಏನಾಯಿತೆಂದು.

“ಪನಿ,” ಅಂದರು ಅತ್ತೆ.

ತಮಿಳಿನಲ್ಲಿ ಹಿಮಕ್ಕೂ ಪನಿ, ಮಾರ್ಗಳಿ ಎಂಬ ಧನುರ್ಮಾಸದ ಬೆಳಗಿನ ಇಬ್ಬನಿಗೂ ಪನಿ. ಚೆನ್ನೈಯಲ್ಲಿ ಆ ಇಬ್ಬನಿಗೆ ಹೆದರಿ ಗಂಡಸರು ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುತ್ತಾರೆ. ಪನಿಯಲ್ಲಿ ಯಾರಾದರೂ ಕಪ್ಪಾಗುತ್ತಾರೆಯೇ ಎಂದು ಆಕೆ ನಕ್ಕಳು. ಅತ್ತೆ ನಗಲಿಲ್ಲ. “ನಾನ್ ಆಯಿಟ್ಟೇನೇ,” ನಾನು ಆದೆನಲ್ಲ, ಅಂದು ಹಾಲಿನ ಪ್ಯಾಕೆಟ್ ತೆಗೆದುಕೊಂಡು ಬಂದರು.

ಅತ್ತೆಯ ತಂದೆ ಹುಬ್ಬಳ್ಳಿಯಿಂದ ರೈಲ್ವೆ ಕಾರ್ಖಾನೆಯ ಕೆಲಸಕ್ಕೆ ಈ ಊರಿಗೆ ಬಂದವರು. ಅತ್ತೆ ಹುಟ್ಟಿದ್ದು ಬೆಳೆದದ್ದು ಇಲ್ಲೇ. ಆದರೂ ಮನೆಯೊಳಗೆ ಹುಬ್ಬಳ್ಳಿಯ ಮಾತು ಬಿಟ್ಟಿರಲಿಲ್ಲ. ಬಾಗಿಲು ದಾಟಿದರೆ ತಮಿಳು. ಮೈಸೂರಿನಿಂದ ಸೊಸೆಯಾಗಿ ಬಂದ ನನಗೆ ಮೊದಲ ವರ್ಷ ಅವರ ಕನ್ನಡವೂ ಅರ್ಧ ಅರ್ಥವಾಗುತ್ತಿರಲಿಲ್ಲ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಿವೃತ್ತಿಯಾಗುವವರೆಗೆ ಅವರು ದೊಡ್ಡ ರೈಲ್ವೆ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದರು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ, ಯಾವುದು ಎಷ್ಟು ತಡ, ತಮಿಳು, ಹಿಂದಿ, ಇಂಗ್ಲಿಷಿನಲ್ಲಿ. ಮನೆಯಲ್ಲೂ ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಒಂದೊಂದೇ ಪದವನ್ನು ಬಿಡಿಸಿ ಇಡುತ್ತಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ ಎನ್ನುವುದನ್ನೂ ಎಲ್ಲರಿಗೂ ಕೇಳಬೇಕಾದ ವಿಷಯವೆಂಬಂತೆ ಹೇಳುತ್ತಿದ್ದರು. ಊಟಕ್ಕೆ ಕುಳಿತರೆ ತಟ್ಟೆಯ ಬಲಕ್ಕೆ ಶೇಂಗಾ ಚಟ್ನಿಪುಡಿ ಇರಲೇಬೇಕು, ಇಡ್ಲಿಯಾದರೂ ಸರಿ, ಬಿರಿಯಾನಿಯಾದರೂ ಸರಿ.

ಸ್ಕೀಯಿಂಗ್, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರುವ ಆಟ, ನಮ್ಮ ಮನೆಗೆ ಬಂದದ್ದು ನನ್ನ ಗಂಡನಿಂದ. ಅವನ ಆಫೀಸು ಶೋಳಿಂಗನಲ್ಲೂರಿನಲ್ಲಿ. ಒಮ್ಮೆ ಕಂಪನಿಯ ಕೆಲಸಕ್ಕೆ ಸ್ವಿಟ್ಜರ್ಲೆಂಡಿಗೆ ಹೋದಾಗ ಅಲ್ಲಿಯ ಸಹೋದ್ಯೋಗಿ ಭಾನುವಾರ ಬೆಟ್ಟಕ್ಕೆ ಕರೆದೊಯ್ದನಂತೆ. ಅಲ್ಲಿಂದ ಹುಚ್ಚು ಹಿಡಿಯಿತು. ಪ್ರತಿ ಜನವರಿ ಒಂದು ವಾರ ಆಲ್ಪ್ಸ್. ಬಿದ್ದು ಬಂದು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ರಾತ್ರಿ ಬಿದ್ದ ಹೊಸ ಹಿಮ ಹೇಗೆ ಹಿಟ್ಟಿನ ಹಾಗೆ ಹಾರುತ್ತದೆ, ಅದಕ್ಕೆ ಪೌಡರ್ ಅನ್ನುತ್ತಾರೆ, ಅದರ ಮೇಲೆ ಜಾರುವಾಗ ಸದ್ದೇ ಇರುವುದಿಲ್ಲ ಎಂದು ನಮ್ಮಿಬ್ಬರಿಗೂ ಹೇಳುತ್ತಿದ್ದ. ಅತ್ತೆ ನಿವೃತ್ತರಾದ ಮೇಲೆ ಮುಂದಿನ ಜನವರಿಗೆಂದು ಮೂವರಿಗೂ ಟಿಕೆಟ್ ಮಾಡಿಸಿದ, ವೀಸಾ ಮಾಡಿಸಿದ.

ಆ ವರ್ಷ ದೀಪಾವಳಿ ಕಳೆದ ವಾರ ಆಫೀಸಿನ ಕ್ಯಾಬಿನಲ್ಲಿ ಮನೆಗೆ ಬರುತ್ತಿದ್ದವನು ಸೀಟಿನಲ್ಲೇ ಒರಗಿದ. ಡ್ರೈವರ್ ನಿದ್ದೆಯೆಂದುಕೊಂಡನಂತೆ. ಆಸ್ಪತ್ರೆಯವರು ಹೃದಯ ಅಂದರು. ಅವನಿಗೆ ಮೂವತ್ತೊಂಬತ್ತು.

ನಾನು ಅಳಲಿಲ್ಲ. ಅಳಬಾರದೆಂದಲ್ಲ, ಬರಲಿಲ್ಲ. ಜನ ಬಂದರು, ಕೈ ಹಿಡಿದುಕೊಂಡರು, ನಾನು ಅವರಿಗೆ ಕುರ್ಚಿ ಹಾಕಿದೆ. ಅತ್ತೆಯೂ ಅಳಲಿಲ್ಲ. ಹಾರ ಹಾಕಿದ್ದ ಅವನ ದೇಹದ ಪಕ್ಕದಲ್ಲಿ ಕುಳಿತು ಬಂದವರಿಗೆಲ್ಲ ಏನಾಯಿತೆಂದು ಒಂದೇ ಮಾತುಗಳಲ್ಲಿ ಹೇಳುತ್ತಿದ್ದರು. ಅವರ ತಮ್ಮನ ಹೆಂಡತಿ ನನ್ನನ್ನು ನೋಡುತ್ತ ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. “ಅಕಿ ಕಣ್ಣಾಗ ಒಂದು ಹನಿ ನೀರಿಲ್ಲ ನೋಡ್ರಿ.” ಕೇಳಿಸಿದರೂ ಏನೂ ಅನ್ನಿಸಲಿಲ್ಲ. ನೀರಿನ ಕ್ಯಾನ್ ಮುಗಿದಿತ್ತು, ತರಿಸಬೇಕಿತ್ತು.

ಶಿವಗಣಾರಾಧನೆ ಮುಗಿದು ನೆಂಟರು ಹೋದ ಮೇಲೆ ಅವನ ಫೋನಿಗೆ ಒಂದು ಸಂದೇಶ ಬಂತು. ಅಲ್ಲಿ ಅವನಿಗೆ ಕಲಿಸುತ್ತಿದ್ದ ಸ್ಕೀ ಮಾಸ್ತರನದು. ನಿನ್ನ ತಾಯಿ, ಹೆಂಡತಿಯ ಪಾದದ ಅಳತೆ ಕಳಿಸು, ಬೂಟು ತೆಗೆದಿಡಬೇಕು ಎಂದು. ನಾನು ಅತ್ತೆಗೆ ಓದಿ ಹೇಳಿ, ರದ್ದು ಮಾಡಲು ಬರೆಯುತ್ತೇನೆ ಅಂದೆ.

ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. “ನನ್ನ ಪಾದ ಎಷ್ಟೈತಿ ನೋಡು,” ಅಂದು ಕಾಲು ಮುಂದೆ ಚಾಚಿದರು.

“ಅತ್ತೆ, ಈಗ ಹೋಗೋದಾ?”

“ಅವಾ ಏನ್ ನೋಡಾಕ ಹೊಕ್ಕಿದ್ದ, ನಾ ಒಮ್ಮೆ ನೋಡಬೇಕು. ಇಲ್ಲಿ ಕುಂತರೂ ಏನ್ ಮಾಡೂದೈತಿ ನಾವಿಬ್ಬರು?”

ಅವರ ತಮ್ಮ ಫೋನು ಮಾಡಿ ಕೂಗಾಡಿದರು. ವರ್ಷ ತುಂಬಿಲ್ಲ, ಅತ್ತೆ ಸೊಸೆ ಆಟಕ್ಕೆ ಹೊರಟರೆ ಮಂದಿ ಏನಂದಾರು ಎಂದು. ಅತ್ತೆ ಪೂರ್ತಿ ಕೇಳಿಸಿಕೊಂಡು, “ಆತು. ಅನ್ನಲಿ,” ಅಂದು ಫೋನಿಟ್ಟರು.

ಟಿ. ನಗರದ ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಬೆಚ್ಚಗಿನ ಬಟ್ಟೆ ಕೇಳಿದಾಗ ಹುಡುಗ, “ಊಟಿಯಾ, ಕೊಡೈಕಾನಲಾ?” ಅಂದ. “ಅದಕ್ಕೂ ಸ್ವಲ್ಪ ಮೇಲೆ,” ಅಂದರು ಅತ್ತೆ ತಮಿಳಿನಲ್ಲಿ. ಅವನು ಹೂವಿನ ಚಿತ್ತಾರದ ಸ್ವೆಟರುಗಳನ್ನು ಹರಡಿದ. ಎರಡು ತೆಗೆದುಕೊಂಡೆವು. ಉಳಿದದ್ದೆಲ್ಲ ಅಲ್ಲೇ ಬಾಡಿಗೆಗೆ ಸಿಗುತ್ತದೆಂದು ಮಾಸ್ತರ ಬರೆದಿದ್ದ. ನಾನು ಅವನಿಗೆ ಅಳತೆಗಳನ್ನಷ್ಟೇ ಕಳಿಸಿದ್ದೆ. ಬೇರೇನೂ ಬರೆಯಲು ಬೆರಳು ಏಳಲಿಲ್ಲ.

ಹೊರಟ ದಿನದಿಂದಲೇ ತಡ ಶುರುವಾಯಿತು. ಅಲ್ಲಿ ಹಿಮಪಾತವೆಂದು ವಿಮಾನವನ್ನು ನಡುದಾರಿಯ ಊರಿನಲ್ಲಿ ಇಡೀ ದಿನ ನಿಲ್ಲಿಸಿದರು. ಕೊನೆಗೆ ಇಳಿದಾಗ ನಮ್ಮ ಪೆಟ್ಟಿಗೆ ಬಂದಿರಲಿಲ್ಲ. ರೈಲು ಹತ್ತಿದರೆ ಅದು ಅರ್ಧ ದಾರಿಯಲ್ಲಿ, ಕಣಿವೆಯ ಸಣ್ಣ ನಿಲ್ದಾಣದಲ್ಲಿ ನಿಂತುಬಿಟ್ಟಿತು. ಮುಂದೆ ಬೆಟ್ಟದಿಂದ ಹಿಮ ಜಾರಿ ಬೀಳುವ ಭಯವಿದೆ, ಹಳಿ ಮುಚ್ಚಿದ್ದಾರೆ ಅಂದರು. ಎಲ್ಲರೂ ಇಳಿದು ನಿಲ್ದಾಣದ ಕೋಣೆಯಲ್ಲಿ ಕುಳಿತೆವು. ಸ್ಕೀ ಹಲಗೆಗಳನ್ನು ಗೋಡೆಗೆ ಆನಿಸಿದ ಕುಟುಂಬಗಳು, ಸಿಡುಕುವ ಗಂಡಸರು, ಅಳುವ ಮಕ್ಕಳು. ಕಿಟಕಿಯಾಚೆ ಬಿಳಿ ಬಿಟ್ಟು ಏನೂ ಕಾಣುತ್ತಿರಲಿಲ್ಲ.

ಆಗಾಗ ಸ್ಪೀಕರಿನಲ್ಲಿ ಹೆಂಗಸೊಬ್ಬಳ ದನಿ ಜರ್ಮನ್ನಿನಲ್ಲಿ ಏನೋ ಹೇಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು. “ಪಾಪ, ಇಕಿಗೂ ಗೊತ್ತಿಲ್ಲ,” ಅಂದರು. “ಗಾಡಿ ಯಾವಾಗ ಹೊಂಡತೈತಿ ಅಂತ ಗೊತ್ತಿಲ್ಲದಾಗ ದನಿ ಹಿಂಗ ಆಗತೈತಿ. ನಾವೂ ಹಿಂಗ ಹೇಳತಿದ್ವಿ.”

“ವಾಪಸ್ ಹೋಗಿಬಿಡೋಣ ಅತ್ತೆ,” ಅಂದೆ. “ನಾನು ಯಾಕೆ ಬಂದೆ ಅಂತಲೇ ಗೊತ್ತಾಗ್ತಿಲ್ಲ. ನನಗೆ ಏನೂ ಅನ್ನಿಸ್ತಾ ಇಲ್ಲ. ಅವನು ಹೋಗಿದ್ದೂ ಅನ್ನಿಸ್ತಿಲ್ಲ.”

ಅವರು ಕೈಚೀಲದಿಂದ ಬ್ರೆಡ್ಡು, ಚಟ್ನಿಪುಡಿ ತೆಗೆದರು. ಆಮೇಲೆ ಹೇಳಿದ ಮಾತು ಅದುವರೆಗೆ ನನಗೆ ಗೊತ್ತಿರಲಿಲ್ಲ.

“ಅವಾ ಸಣ್ಣಾಂವ ಇದ್ದಾಗ ಒಮ್ಮೆ ಸ್ಟೇಷನ್ನಿನಾಗ ಕಳದಿದ್ದ. ನಿಮ್ಮ ಮಾವ ಕರಕೊಂಡು ಬಂದಿದ್ದರು, ಕೈ ಬಿಡಿಸಿಕೊಂಡು ಓಡಿದ್ದ. ನಾ ಡ್ಯೂಟಿ ಮ್ಯಾಲಿದ್ದೆ. ಚೀಟಿ ಬರಕೊಂಡು ಬಂದು ನನ್ನ ಮುಂದ ಇಟ್ರು, ನೀಲಿ ಅಂಗಿ ಹಾಕ್ಕೊಂಡ ಹುಡುಗ ಕಾಣಸವಲ್ಲ ಅಂತ. ನಾನ ಹೇಳಿದೆ, ಮೈಕಿನಾಗ. ತಮಿಳಿನಾಗ ಹೇಳಿದೆ, ಹಿಂದಿಯೊಳಗ ಹೇಳಿದೆ, ಇಂಗ್ಲಿಷಿನಾಗ ಹೇಳಿದೆ. ದನಿ ನಡಗಲಿಲ್ಲ. ಅದರ ನಡುವ ಎರಡು ಗಾಡಿ ಬಂದವು, ಅವನ್ನೂ ಹೇಳಿದೆ.”

“ಸಿಕ್ಕನಾ?”

“ಸಿಕ್ಕ. ಪೋರ್ಟರ್ ಒಬ್ಬಾಂವ ಹೆಗಲ ಮ್ಯಾಲೆ ಕುಂಡರಿಸಿಕೊಂಡು ಬಂದ. ಆಗೂ ನಾ ಅಳಲಿಲ್ಲ. ನಿಮ್ಮ ಮಾವ ಮನ್ಯಾಗ ಅಂದ್ರು, ನೀ ಎಂಥಾ ತಾಯಿ, ನಿನ್ನ ಎದಿ ಏನು ಕಬ್ಬಿಣದ್ದ ಅಂತ. ಒಂದು ವಾರ ಆಗಿತ್ತು. ಮೆಂತೆ ಸೊಪ್ಪು ಬಿಡಸ್ಕೋತ ಕುಂತಿದ್ದೆ. ಆಗ ಬಂತು ಅಳು. ಸೊಪ್ಪೆಲ್ಲಾ ತೊಯ್ದು ಹೋತು.” ಚಟ್ನಿಪುಡಿ ಹಚ್ಚಿದ ಬ್ರೆಡ್ಡನ್ನು ನನ್ನ ಕೈಗೆ ಕೊಟ್ಟರು. “ನಿನಗೂ ಲೇಟ್ ಐತಿ, ಅಷ್ಟ. ತಿನ್ನು.”

ಮರುದಿನ ಬಸ್ಸಿನಲ್ಲಿ ಸುತ್ತು ಹಾಕಿ ಮೇಲಕ್ಕೆ ಕರೆದೊಯ್ದರು. ಬಸ್ಸು ನಿಂತಲ್ಲಿ ಮಾಸ್ತರ ಕಾಯುತ್ತಿದ್ದ. ಎತ್ತರದ, ಬಿಳಿ ಗಡ್ಡದ ಮನುಷ್ಯ. ನಮ್ಮನ್ನು ಗುರುತು ಹಿಡಿದು ನಗುತ್ತ ಬಂದು, ನಮ್ಮ ಹಿಂದೆ ನೋಡಿ, ಅವನೆಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅತ್ತೆಯ ಕಡೆ ನೋಡಿದೆ. ಆಗ ಅತ್ತೆ ಆ ಜನರ ನಡುವೆ, ಸ್ಪಷ್ಟವಾಗಿ, ಒಂದೊಂದೇ ಪದವಾಗಿ ಹೇಳಿದರು. “ಮೈ ಸನ್ ಈಸ್ ನಾಟ್ ಕಮಿಂಗ್. ಹಿ ಈಸ್ ನೋ ಮೋರ್.”

ಅವನು ಎರಡೂ ಕೈಗವಸು ತೆಗೆದು ಹಿಡಿದುಕೊಂಡು ನಿಂತ. ಆ ಚಳಿಯಲ್ಲಿ ಬರಿಗೈಯಲ್ಲಿ ಬಹಳ ಹೊತ್ತು ನಿಂತಿದ್ದ. ಆಮೇಲೆ ನಮ್ಮ ಚೀಲಗಳನ್ನು ಎತ್ತಿಕೊಂಡು ನಡೆದ. ಮಧ್ಯಾಹ್ನ ಮೂರು ಜೊತೆ ಬೂಟು ತಂದಿದ್ದವನು ಒಂದನ್ನು ಸುಮ್ಮನೆ ಗಾಡಿಯಲ್ಲೇ ಬಿಟ್ಟು ಎರಡನ್ನು ನಮ್ಮ ಮುಂದಿಟ್ಟ.

ಮಕ್ಕಳು ಕಲಿಯುವ ತಗ್ಗಿನ ಇಳಿಜಾರಿನಲ್ಲಿ ನಮಗೆ ಪಾಠ. ರಾತ್ರಿಯಿಡೀ ಬಿದ್ದ ಹಿಮ ಬದಿಗಳಲ್ಲಿ ಹಾಗೇ ಇತ್ತು, ಯಾರೂ ತುಳಿಯದ್ದು. ಅತ್ತೆ ಎರಡು ಸಲ ಸರಿಯಾಗಿ ಇಳಿದರು. ಮೂರನೆಯ ಸಲ ತಿರುಗಲಾಗದೆ ನೇರ ಬದಿಗೆ ಹೋಗಿ ಆ ಹಿಟ್ಟಿನಂಥ ಹಿಮದಲ್ಲಿ ಹೂತುಬಿಟ್ಟರು. ಸದ್ದೇ ಆಗಲಿಲ್ಲ. ನಾನು ಹಲಗೆ ಬಿಚ್ಚಿ, ಮೊಣಕಾಲುದ್ದ ಹುಗಿಯುತ್ತ ಹತ್ತಿರ ಹೋದೆ. ಅವರು ಅಂಗಾತ ಬಿದ್ದಿದ್ದರು. ಕನ್ನಡಕದ ಮೇಲೆ ಹಿಮದ ಪುಡಿ. ಅಳುತ್ತಿದ್ದಾರೆ ಅಂದುಕೊಂಡೆ. ಅಳುತ್ತಿರಲಿಲ್ಲ.

“ಪೆಟ್ಟಾಯ್ತಾ ಅತ್ತೆ? ಏಳಿ.”

“ತಡಿ ಸ್ವಲ್ಪ. ಕೈ ಕಾಲು ಇದ್ದದ್ದ ಗೊತ್ತಾಗವಲ್ದು,” ಅಂದರು. “ಚಲೋ ಅನಸ್ತೈತಿ. ನೀನೂ ಮಲಕೋ.”

ನಾನೂ ಮಲಗಿದೆ. ಬೆನ್ನ ಕೆಳಗೆ ಹಿಮ ಮೆತ್ತಗೆ ಕುಸಿದು ನಿಂತಿತು. ಬೆರಳುಗಳು ಮೊದಲು ನೋಯುತ್ತಿದ್ದವು, ಆಮೇಲೆ ನೋವೂ ಹೋಯಿತು. ಮೇಲೆ ಬಿಳಿ ಆಕಾಶ. ಮಾಸ್ತರ ದೂರದಲ್ಲಿ ನಿಂತು ನಮ್ಮನ್ನು ಕರೆಯದೆ ಕಾದ. ಎಷ್ಟು ಹೊತ್ತೋ ತಿಳಿಯದು. ಹತ್ತಿರದಲ್ಲಿ ಇಬ್ಬರೇ, ಇಬ್ಬರಿಗೂ ಏನೂ ಅನ್ನಿಸುತ್ತಿಲ್ಲ, ಇಬ್ಬರಿಗೂ ಅದು ಗೊತ್ತು. ಆ ತಿಂಗಳುಗಳಲ್ಲಿ ಯಾರ ಸಮಾಧಾನದ ಮಾತಿಗಿಂತಲೂ ನನಗೆ ದಕ್ಕಿದ್ದು ಅದೊಂದೇ.

ಆ ಮೇಲೆ ಅತ್ತೆ ಪ್ರತಿ ಜನವರಿ ಹೋಗತೊಡಗಿದರು. ರಜೆ ಸಿಕ್ಕಿದಾಗ ನಾನೂ, ಸಿಗದಿದ್ದರೆ ಅವರೊಬ್ಬರೇ. ಅಕ್ಟೋಬರ್ ಬಂತೆಂದರೆ ಮಾಧವರಂನ ತಾರಸಿಯ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕುಳಿತ ಹಾಗೆ ನಿಲ್ಲುತ್ತಿದ್ದರು, ತೊಡೆ ಗಟ್ಟಿಯಾಗಲೆಂದು. ಚೂಡಿದಾರದ ಮೇಲೆ ಬೆವರು ಇಳಿಯುತ್ತಿತ್ತು. ಎದುರು ಮನೆಯವರು ಬಟ್ಟೆ ಒಣಗಿಸುವುದು ಬಿಟ್ಟು ನೋಡುತ್ತಿದ್ದರು. ಅಲ್ಲಿ ಅವರು ಎಂದೂ ಜೋರಾಗಿ ಇಳಿದವರಲ್ಲ. ಹಲಗೆಗಳನ್ನು ಮುಂದೆ ಕೂಡಿಸಿ, ಮೂಗಿನ ನೇರ ನೋಡುತ್ತ, ಅಗಲಗಲ ತಿರುವಿನಲ್ಲಿ ನಿಧಾನವಾಗಿ ಬರುತ್ತಿದ್ದರು. ಆರು ವರ್ಷದ ಮಕ್ಕಳು ಪಕ್ಕದಲ್ಲಿ ಹಾರಿ ಹೋಗುತ್ತಿದ್ದವು. ಕೆಳಗೆ ತಲುಪಿದ ಮೇಲೆ ಖುಷಿಯಾಯಿತೇ ಎಂದು ಕೇಳಿದರೆ, “ಹಂಗೇನಿಲ್ಲ. ಇಳದೆ,” ಅನ್ನುತ್ತಿದ್ದರು. ಮಗನ ಮಾತು ಎತ್ತುತ್ತಿರಲಿಲ್ಲ. ಮತ್ತೆ ಬೆಟ್ಟದ ಮೇಲಕ್ಕೆ ಒಯ್ಯುವ ತಂತಿಯ ಕುರ್ಚಿಯ ಸಾಲಿನಲ್ಲಿ ನಿಲ್ಲುತ್ತಿದ್ದರು.

ನನ್ನ ಅಣ್ಣ ನನ್ನನ್ನು ಮೈಸೂರಿಗೆ ಕರೆದೊಯ್ಯಲು ಬಂದಾಗ ಅವರು ತಡೆಯಲಿಲ್ಲ, ಕಳಿಸಲೂ ಇಲ್ಲ. “ಅಕಿನ್ನ ಕೇಳ್ರಿ,” ಅಂದು ಚಹಾ ಮಾಡಲು ಒಳಗೆ ಹೋದರು. ಅಷ್ಟು ದಿನಗಳಲ್ಲಿ ನನ್ನನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಾನು ಉಳಿದೆ.

ಹೋದ ವರ್ಷದ ಬೇಸಿಗೆಯಲ್ಲಿ ಅವರ ಹೊಟ್ಟೆ ಉಬ್ಬರಿಸತೊಡಗಿತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಯಕೃತ್ತಿಗೆಲ್ಲ ಹರಡಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಒಳಗೆ ಬಂದು ಅವರಿಗೆ ಹಾಗೇ ಹೇಳಿದೆ. ಅವರು ತಲೆಯಾಡಿಸಿದರು. ಯಾವುದನ್ನೂ ಸುತ್ತಿ ಬಳಸಿ ಹೇಳುವ ರೂಢಿ ನಮ್ಮಿಬ್ಬರಲ್ಲಿ ಇರಲಿಲ್ಲ.

ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವರಿಗೆ ಮಾತು ಕಷ್ಟವಾಗಿತ್ತು. ನಾನು ಬೆಳಗಿನಿಂದ ಅವರ ಹಾಸಿಗೆಯ ಪಕ್ಕದಿಂದ ಎದ್ದಿರಲಿಲ್ಲ. ನನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಮುಟ್ಟಿ, “ಉಂಡು ಬಾ,” ಅಂದರು.

“ಆಮೇಲೆ ಹೋಗ್ತೀನಿ.”

“ಈಗ ಹೋಗು. ಕುಂತು ಉಣ್ಣು. ಕಟ್ಟಿಸಿಕೊಂಡು ಬರಬ್ಯಾಡ.”

ಆಸ್ಪತ್ರೆಯ ಎದುರು ಕುಂದಾಪುರದ ಕಡೆಯವರ ಹೋಟೆಲಿತ್ತು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಬಡಿಸುವಾತ, “ಎಂತ ಕೊಡ್ಲಿ ಅಕ್ಕಾ? ಊಟ ಬಿಸಿ ಇತ್ತ್,” ಅಂದ. ಊಟ ಹೇಳಿದೆ. ಅನ್ನ, ಸಾರು, ಹುಳಿ, ಬೀನ್ಸ್ ಪಲ್ಯ. ಸಾರು ಎರಡನೆಯ ಸಲ ಹಾಕಿಸಿಕೊಂಡೆ. ಮಜ್ಜಿಗೆಯವರೆಗೆ ಪೂರ್ತಿ ಉಂಡೆ, ಅವಸರ ಮಾಡಲಿಲ್ಲ.

ಮೇಲೆ ಬಂದಾಗ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ನರ್ಸು ಹೊರಗೆ ಬಂದು, “ಎಂಗಮ್ಮಾ ಪೋನೀಂಗ? ಇಪ್ಪೋದಾನ್ ಪೋನಾಂಗ,” ಅಂದಳು. ಎಲ್ಲಿ ಹೋಗಿದ್ದಿರಿ, ಈಗಷ್ಟೇ ಹೋದರು ಎಂದು. ಆಕೆಯ ದನಿಯಲ್ಲಿ ನನಗಾಗಿ ಮರುಕವಿತ್ತು, ಕೊನೆಗಳಿಗೆಯಲ್ಲಿ ಇರಲಾಗಲಿಲ್ಲವಲ್ಲ ಎಂದು.

“ಊಟಕ್ಕೆ,” ಅಂದೆ. “ಅವರೇ ಕಳಿಸಿದ್ದರು.”