ಕಡಲ ತಾಯಿಯ ಬಾಡಿದ ಹೂಗಳು

ದೂರದೇಶದ ಹ್ಯಾಮಿಲ್ಟನ್ ನಗರದ ಕಲಾ ಗ್ಯಾಲರಿಯೊಂದರಲ್ಲಿ ಮೂರು ತಿಂಗಳ ಪರೀಕ್ಷಾರ್ಥ ಅವಧಿಗೆ ನಾನು ಸಹಾಯಕಿಯಾಗಿ ಸೇರಿದ್ದೆ. ಅವಧಿ ಮುಗಿಯಲು ಹತ್ತು ದಿನಗಳಿದ್ದವು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಕೆಲಸ ಖಾಯಂ ಆಗದಿದ್ದರೆ ಮೈಸೂರಿನಲ್ಲಿ ಹೂ ಕಟ್ಟಿ ಮಾರುವ ಅಮ್ಮನಿಗೆ ಏನು ಹೇಳಲಿ ಎಂಬ ಅಂಜಿಕೆ ಸದಾ ಇತ್ತು.

ಆ ವಾರ ಬ್ರೆಜಿಲ್‌ನ ಕಪ್ಪು ಕಲಾವಿದೆಯೊಬ್ಬರು ದೊಡ್ಡ ಕೋಣೆಯಲ್ಲಿ ತಮ್ಮ ಕೃತಿಯನ್ನು ರಚಿಸಿದ್ದರು. ನೆಲದ ತುಂಬ ಬಿಳಿ ಬಟ್ಟೆ, ಅದರ ಮೇಲೆ ನೀರಿನ ಬಟ್ಟಲುಗಳು, ಕೈಗನ್ನಡಿ, ಬಾಚಣಿಗೆ, ರಾಶಿ ಬಿಳಿ ಹೂ. ಆಫ್ರಿಕಾದಿಂದ ಗುಲಾಮರಾಗಿ ಹಡಗೇರಬೇಕಾಗಿ ಬಂದ ಪೂರ್ವಿಕರು ಕಡಲ ತಾಯಿಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಬಂದರೆಂದೂ, ತಮ್ಮ ಅಜ್ಜಿ ಆಕೆಯನ್ನು ಹೀಗೆಯೇ ಪೂಜಿಸುತ್ತಿದ್ದರೆಂದೂ ಅವರು ವಿವರಿಸಿದ್ದರು. ಶನಿವಾರ ಅವರು ಆ ಹೂಗಳ ನಡುವೆ ನರ್ತಿಸುವವರಿದ್ದರು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದವಳು ನಾನು. ಹೂಗಳು ಬಾಡಿ ಕಂದು ಬಣ್ಣಕ್ಕೆ ತಿರುಗಿದ್ದವು. ನೀರಿನ ಮೇಲೆ ತೆಳುವಾದ ಧೂಳು. ಬೂಟು ಕಳಚಿ, ಹೂಗಳನ್ನೆಲ್ಲ ಎತ್ತಿ ಹೊರಗೊಯ್ದೆ. ಬಟ್ಟಲುಗಳನ್ನು ತೊಳೆದು ಹೊಸ ನೀರು ತುಂಬಿದೆ. ಎಲ್ಲ ಮುಗಿದ ಮೇಲೆ ಗೋಡೆಯ ಫಲಕ ಕಣ್ಣಿಗೆ ಬಿತ್ತು: ಹೂಗಳು ದಿನದಿನಕ್ಕೆ ಬಾಡುವುದೇ ಈ ಕೃತಿ. ಆ ಫಲಕದ ಅಲ್ಪವಿರಾಮಗಳನ್ನು ತಿದ್ದಿದವಳು ನಾನೇ, ಅರ್ಥವನ್ನು ಗಮನಿಸಿರಲಿಲ್ಲ.

ಜೊತೆಯಲ್ಲಿ ಮನೆ ಹಂಚಿಕೊಂಡಿದ್ದ ಹುಬ್ಬಳ್ಳಿಯ ನರ್ಸ್ ಅಕ್ಕನಿಗೆ ಫೋನ್ ಮಾಡಿದೆ.

"ಏ ಹುಚ್ಚಿ, ಅವ್ರು ಆರ್ಟ್ ಅಂತ ಇಟ್ಟಾರ, ನೀ ದೇವರ ಮನಿ ಅಂತ ಬಳದ ಬಂದಿಯೇನ?" ಎಂದು ನಕ್ಕವರು ಕೂಡಲೇ, "ಮ್ಯಾನೇಜರ್‌ಗೆ ನೀನ ಮೊದಲ ಹೇಳು. ಸಾರಿ ಒಂದ ಸಲ ಸಾಕು, ಹತ್ತು ಸಲ ಅನಬ್ಯಾಡ ಮತ್ತ" ಎಂದರು.

ನಾನು ನಾಲ್ಕು ಸಲ ಅಂದೆ. ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು. ಆಮೇಲೆ ಕಲಾವಿದೆಯನ್ನು ಕರೆಸಿದರು.

ಆಕೆ ನೆಲದ ಮೇಲೆ ಕುಳಿತು ಹೊಳೆಯುವ ಬಟ್ಟಲುಗಳನ್ನು ಬಹಳ ಹೊತ್ತು ನೋಡಿದರು.

"ಹೂಗಳನ್ನು ಕಸದ ಡಬ್ಬಿಗೆ ಹಾಕಿದೆಯಾ?"

"ಇಲ್ಲ, ಹಿಂದಿನ ಮರದ ಬುಡದಲ್ಲಿವೆ. ದೇವರಿಗಿಟ್ಟ ಹೂವನ್ನು ಯಾರೂ ತುಳಿಯದ ಕಡೆ ಹಾಕುವುದು ನಮ್ಮ ವಾಡಿಕೆ."

"ತೋರಿಸು."

ಮರದಡಿಯ ಗುಪ್ಪೆಯನ್ನು ಕಂಡು ಅವರು ನಕ್ಕುಬಿಟ್ಟರು. "ಇದನ್ನಿಟ್ಟ ಎಲ್ಲ ಊರುಗಳಲ್ಲೂ ಜನ ಫೋಟೊ ತೆಗೆದರು, ಬಟ್ಟಲು ತೊಳೆದವಳು ನೀನೊಬ್ಬಳೇ. ನಮ್ಮಜ್ಜಿ ಇದ್ದಿದ್ದರೆ, ನೀರು ಬದಲಿಸಲಿಲ್ಲವೆಂದು ನನಗೇ ಬೈಯುತ್ತಿದ್ದಳು. ಆದರೂ ನನ್ನ ಹೂ ನನಗೆ ಬೇಕು, ಹುಡುಗಿ!"

ಇಬ್ಬರೂ ಮಂಡಿಯೂರಿ, ಇರುವೆಗಳನ್ನು ಕೊಡವಿ, ಹೂಗಳನ್ನು ಒಂದೊಂದಾಗಿ ಆರಿಸಿ ತಂದು ಮತ್ತೆ ಬಿಳಿ ಬಟ್ಟೆಯ ಮೇಲೆ ಹರಡಿದೆವು.

ಶನಿವಾರ ನರ್ತನದ ನಡುವೆ ಅವರು ನನ್ನತ್ತ ಕೈ ಚಾಚಿದರು. ತುಂಬಿದ ಕೋಣೆಯೆದುರು ಮತ್ತೆ ಬೂಟು ಕಳಚಿ ಬಟ್ಟಲುಗಳ ನೀರು ಬದಲಿಸಿದೆ. ಒಂದು ಹನಿಯೂ ಚೆಲ್ಲಲಿಲ್ಲ.

ಸೋಮವಾರ ಮ್ಯಾನೇಜರ್ ನನ್ನ ಕೆಲಸದ ಪಟ್ಟಿಗೆ ಒಂದು ಸಾಲು ಸೇರಿಸಿದರು: ಪ್ರದರ್ಶನ ಮುಗಿಯುವವರೆಗೆ ಪ್ರತಿ ಬೆಳಿಗ್ಗೆ ನೀರು ಬದಲಿಸುವುದು, ಹೂವನ್ನು ಮುಟ್ಟಕೂಡದು. ಪ್ರದರ್ಶನ ಮುಗಿಯಲು ಆರು ವಾರಗಳಿದ್ದವು. ನನ್ನ ಅವಧಿ ಉಳಿದಿದ್ದುದು ಒಂದೇ ವಾರ. 'ಪ್ರದರ್ಶನ ಮುಗಿಯುವವರೆಗೆ' ಎಂಬುದು ತಪ್ಪಾಗಿ ಬಿದ್ದಿರಬಹುದೇ ಎಂದು ವಿನಯದಿಂದ ಕೇಳಿದೆ.

"ತಪ್ಪಿಲ್ಲ, ನೋಡಿಯೇ ಬರೆದಿದ್ದೇನೆ" ಎಂದರು ಅವರು.