ಇನ್ನೊಂದು ಇರ್ಲಿ ಎಂದದ್ದಕ್ಕೆ

ನಮ್ಮವ್ವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಒಂದೇ: "ಇನ್ನೊಂದು ಇರ್ಲಿ." ಉಂಡು ಏಳುವವರ ತಾಟಿಗೆ ಇನ್ನೊಂದು ರೊಟ್ಟಿ, ಹೊರಟು ನಿಂತವರ ಕೈಗೆ ಇನ್ನೊಂದು ಬಾಳೆಹಣ್ಣು. ಹಳಿಯಾಳ ತಾಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ ಅವಳು ಹನ್ನೆರಡು ವರ್ಷದಿಂದ ಬಿಸಿಯೂಟದ ಅಡುಗೆಯವಳು. ಅಲ್ಲೂ ಸೌಟು ಹಿಡಿದು ಇದೇ ಮಾತು. ಆಧಾರ್ ಕಾರ್ಡಿನ ಝೆರಾಕ್ಸ್ ಕೇಳಿದವರಿಗೂ ಹಾಗೇ, ಒಂದು ಕೇಳಿದರೆ ಎರಡು. "ಇನ್ನೊಂದು ಇರ್ಲಿ ತಗೋರಿ, ಮತ್ತ ಬೇಕಾದ್ರ ಎಲ್ಲಿ ಅಡ್ಡಾಡ್ತೀರಿ?"

ಆ ಝೆರಾಕ್ಸುಗಳನ್ನು ಮಾಡಿಸಿಟ್ಟವಳು ನಾನು. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು. ನಾನು ದಾಂಡೇಲಿ ಹತ್ತಿರದ ಒಂದು ರೆಸಾರ್ಟಿನ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಊರಿಗೆ ಹೋದಾಗ ಅವ್ವನ ಆಧಾರಿನ ಹತ್ತು ಪ್ರತಿ ತೆಗೆಸಿ, ಹತ್ತಕ್ಕೂ ಮುಂಗಡ ಸಹಿ ಹಾಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಬರುತ್ತಿದ್ದೆ. ಅವ್ವ ಅಕ್ಷರ ಕಲಿತದ್ದು ವಯಸ್ಕರ ಶಿಕ್ಷಣದ ತರಗತಿಯಲ್ಲಿ. ಬರೆಯಲು ಬರುವುದು ತನ್ನ ಹೆಸರೊಂದೇ. ಬರೆಯುವಾಗ ನಾಲಿಗೆಯ ತುದಿ ಹೊರಗೆ ಬರುತ್ತದೆ. ಹತ್ತು ಸಹಿ ಎಂದರೆ ಅವಳಿಗೆ ಹಬ್ಬ. ಮಗಳು ಭಾಳ ಶಾಣ್ಯಾಕಿ ಅಂತ ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು.

ಒಂದು ದಿನ ಬೆಳಿಗ್ಗೆ ಅವಳ ಫೋನ್ ಬಂತು.

"ಪೊಲೀಸ್ರು ಬಂದಿದ್ರವಾ. ನಾ ಯಾರ‍್ಯಾರಿಗೋ ಫೋನ್ ಮಾಡಿ ಮೋಸ ಮಾಡೇನಂತ. ನನಗ ನಿನ್ನ ನಂಬರ್ ಬಿಟ್ರ ಯಾರಿಗೂ ಹಚ್ಚಾಕ ಬರೂದಿಲ್ಲ, ನಾ ಯಾರಿಗೆ ಮೋಸ ಮಾಡ್ಲಿ?"

ರಜೆ ಹಾಕಿ ಓಡಿದೆ. ಠಾಣೆಯಲ್ಲಿ ಅವ್ವ ಸೆರಗು ಹೊದ್ದುಕೊಂಡು ಗೋಡೆಗೆ ಆತು ನಿಂತಿದ್ದಳು. ಅವಳನ್ನು ವಿಚಾರಿಸುತ್ತಿದ್ದ ಪೊಲೀಸ್ ನನ್ನ ವಯಸ್ಸಿನವನು. "ನಿಮ್ಮ ಆಧಾರ್ ಐತಿ, ಸಹಿ ಐತಿ, ಹೆಬ್ಬಟ್ಟೂ ಐತಿ. ಸಿಮ್ ನಿಮ್ಮದಲ್ಲಂದ್ರ ಯಾರ್ದು?" ಎಂದ. ಕೂಡ್ರಿ ಅನ್ನುವ ಒಂದು ಮಾತೂ ಅವನ ಬಾಯಲ್ಲಿ ಬರಲಿಲ್ಲ. ನಾನೇ ಕುರ್ಚಿಯನ್ನು ದರದರ ಎಳೆದು ತಂದು ಅವ್ವನನ್ನು ಕೂರಿಸಿದೆ. ಆ ಸದ್ದಿಗೆ ಇಡೀ ಠಾಣೆ ತಿರುಗಿ ನೋಡಿತು. ನೋಡಲಿ ಅನಿಸಿತು.

ಒಳಗಿನಿಂದ ಬಂದ ಹಿರಿಯ ಅಧಿಕಾರಿ ಮನುಷ್ಯರಂತೆ ಮಾತಾಡಿದರು. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ತೋರಿಸುವ ಸರ್ಕಾರದ ಜಾಲತಾಣವನ್ನು ಅವರೇ ನನ್ನ ಫೋನಿನಲ್ಲಿ ತೆಗೆಸಿದರು. ಅವ್ವನ ಫೋನಿಗೆ ಬಂದ ಓಟಿಪಿ ಹಾಕಿದೆ. ನಾಲ್ಕು ನಂಬರು ಕಂಡವು. ಒಂದು ಅವ್ವನದು. ಉಳಿದ ಮೂರನ್ನು ನಾವು ಜನ್ಮದಲ್ಲಿ ಕಂಡಿಲ್ಲ.

ಆಗ ಅವ್ವನಿಗೆ ಛತ್ರಿಯವನ ನೆನಪಾಯಿತು. ಹಳಿಯಾಳದ ಸಂತೆಯ ದಿನ ರಸ್ತೆ ಬದಿಗೆ ಬಣ್ಣದ ಛತ್ರಿ ಹಾಕಿಕೊಂಡು ಪುಕ್ಕಟೆ ಸಿಮ್ ಕೊಡುತ್ತಿದ್ದನಂತೆ. ಝೆರಾಕ್ಸ್ ಒಂದು ಕೇಳಿದ, ಇವಳು ಎರಡು ಕೊಟ್ಟಳು. ಆಮೇಲೆ ಹೆಬ್ಬೆರಳಿನ ಯಂತ್ರ. "ಹತ್ತವಲ್ದು ಅವ್ವಾರ, ಇನ್ನೊಮ್ಮೆ ಒತ್ರಿ." ಒತ್ತಿದಳು. "ಇನ್ನೊಮ್ಮೆ." ಮತ್ತೆ ಒತ್ತಿದಳು. ಹೀಗೆ ನಾಲ್ಕು ಸಲ. ಅವಳ ಕೈಗೆ ಬಂದದ್ದು ಈಗ ಬಳಸುವ ಒಂದೇ ಸಿಮ್. ಅವಳಿಗೆ ಅನುಮಾನ ಬರಲಿಲ್ಲ, ಯಾಕೆಂದರೆ ಹುಣಸೆಹಣ್ಣು ಹಚ್ಚಿ ದೊಡ್ಡ ದೊಡ್ಡ ಬೋಗುಣಿ ತಿಕ್ಕಿ ಅವಳ ಹೆಬ್ಬೆರಳಿನ ಗೆರೆಗಳೆಲ್ಲ ಸವೆದಿವೆ. ರೇಷನ್ ಅಂಗಡಿಯಲ್ಲೂ ಒಂದೇ ಸಲಕ್ಕೆ ಎಂದೂ ಹತ್ತಿದ್ದಿಲ್ಲ. ದುಡಿದ ಕೈಯನ್ನು ನೋಡಿಯೇ ಆ ಹಲ್ಕಾ ಲೆಕ್ಕ ಹಾಕಿದ. ಇವಳೋ, ಪಾಪ ಬಿಸಿಲಾಗ ನಿಂತಾನ ಅಂತ ಚೀಲದಿಂದ ಒಂದು ಬೊಗಸೆ ಶೇಂಗಾ ಕೊಟ್ಟು ಬಂದಿದ್ದಳು. ನಮ್ಮ ಶೇಂಗಾ ತಿಂದ ಅವನು! ಈಗಲೂ ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುವುದು ಇದಕ್ಕೇ.

ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತ್ತು. ಪೊಲೀಸ್ ಕೇಸಿನವಳ ಕೈಯ ಊಟ ಮಕ್ಕಳಿಗೆ ಬೇಡ ಎಂದು ಇಬ್ಬರು ಪಾಲಕರು ಹೇಳಿದ್ದರು. ಹೆಡ್‌ಮಾಸ್ತರರು, "ಇದೊಂದು ಮುಗಿಯೂ ತನಕಾ ಬರಬ್ಯಾಡ್ರಿ" ಎಂದರು. ಅದೇ ಪಾಲಕರ ದೊಡ್ಡ ಮಕ್ಕಳು ಅವ್ವನ ಕೈಯ ಸಾರು ಉಂಡೇ ಬೆಳೆದವರು. ಅವರ ಮನೆ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ಬರಬೇಕೆಂದು ಹೊರಟಿದ್ದೆ. ಅವ್ವ ಕೈ ಹಿಡಿದಳು. ಮರುದಿನದಿಂದ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಅಂಗಳದಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದಳು. ಶಾಲೆಯಲ್ಲಿ ಅನ್ನಕ್ಕೆ ಎಸರಿಡುವ ಹೊತ್ತು ಅದು.

ದಾಂಡೇಲಿಗೆ ಮರಳಿ ಕೌಂಟರಿನಲ್ಲಿ ಕೂತಾಗ ಸಿಟ್ಟು ನನ್ನ ಕಡೆಗೇ ತಿರುಗಿತು. ಹಿಂದೊಮ್ಮೆ ಒಬ್ಬ ಪ್ರವಾಸಿ ತನ್ನ ಝೆರಾಕ್ಸಿನ ಮೇಲೆ ಕೆಂಪು ಪೆನ್ನಿನಲ್ಲಿ, ಈ ಎರಡು ದಿನದ ವಾಸಕ್ಕೆ ಮಾತ್ರ ಎಂದು ತಾರೀಖಿನ ಸಮೇತ ಅಡ್ಡ ಬರೆದು ಕೊಟ್ಟಿದ್ದ. "ಇವನ ಆಧಾರ್ ಏನು ಉಪ್ಪಿನಕಾಯಿ ಹಾಕ್ತೀವೇನು?" ಎಂದು ನಾನು ನಕ್ಕಿದ್ದೆ. ಈಗ ನನ್ನ ವಾಟ್ಸಾಪ್ ತೆಗೆದು ನೋಡಿದರೆ ರೂಮಿಗೆಂದು ಕಳಿಸಿದ ಆಧಾರುಗಳಲ್ಲಿ ಗುರುತಿಲ್ಲದವರ ನೂರಾರು ಮುಖ, ಮುಂದೆ ಹಿಂದೆ ಎರಡೂ ಬದಿ, ಕೂಸುಗಳ ಕಾರ್ಡು ಸಹ. ರಜಿಸ್ಟರಿನಲ್ಲಿ ಬರೆದುಕೊಂಡ ಮೇಲೆ ಇವು ನನಗೇಕೆ ಬೇಕಿತ್ತು? ಎಲ್ಲ ಅಳಿಸಿದೆ. "ಇರ್ಲಿ ಬಿಡವಾ, ಯಾವಾಗರೆ ಬೇಕಾಗ್ತಾವು" ಎಂದ ಮಾಲೀಕರಿಗೆ, "ಯಾರಿಗೆ ಬೇಕಾಗ್ತಾವ್ರಿ?" ಎಂದು ಕಿರುಚಿಬಿಟ್ಟೆ.

ಮೂರೂ ನಂಬರು ನಮ್ಮದಲ್ಲವೆಂದು ದೂರು ಹಾಕಿದೆ, ಬಂದ್ ಆದವು. ಅವ್ವನ ಹೆಬ್ಬೆಟ್ಟಿಗೆ ಆಧಾರಿನ ಜಾಲತಾಣದಲ್ಲೇ ಬೀಗ ಹಾಕಿದೆ, ಯಾರ ಯಂತ್ರದಲ್ಲೂ ಹತ್ತದಂತೆ. ರೇಷನ್ನಿನ ದಿನ ತೆಗೆಯುತ್ತೇನೆ, ಮತ್ತೆ ಹಾಕುತ್ತೇನೆ. ಮೊದಲ ಎಂಟು ಅಂಕಿ ಮುಚ್ಚಿದ ಆಧಾರನ್ನು ಅಲ್ಲಿಂದಲೇ ಇಳಿಸಿಕೊಂಡೆ. ಊರಿಗೆ ಹೋಗಿ, ಚೀಲದಲ್ಲಿ ಉಳಿದಿದ್ದ ಸಹಿಗಳನ್ನು ಅವ್ವನ ಎದುರೇ ಒಲೆಗೆ ಹಾಕಿದೆ.

ಆಮೇಲೆ ಆ ಪ್ರವಾಸಿಯಂತೆ ಝೆರಾಕ್ಸಿನ ಮೇಲೆ ಬರೆಯುವುದನ್ನು ಅವಳಿಗೆ ಕಲಿಸಲು ಕೂತೆ. ಉದ್ದದ ವಾಕ್ಯ ಅವಳಿಗೆ ಆಗಲಿಲ್ಲ. "ಇದಕ್ಕಷ್ಟ ಅಂತ ಬರದ್ರ ನಡೀತೇತಿಲ್ಲ?" ಎಂದು ಅವಳೇ ಕೇಳಿದಳು. ನಡೆಯುತ್ತದೆ ಎಂದೆ. ಝೆರಾಕ್ಸ್ ಕೇಳಿದವರೇ ಅದು ಯಾತಕ್ಕೆ ಬೇಕೆಂದು ಅವಳ ಎದುರು ಬರೆಯಬೇಕು, ಕೆಳಗೆ ಇವಳು ಇದಕ್ಕಷ್ಟ ಎಂದು ಬರೆದು ಸಹಿ ಹಾಕಬೇಕು. ನಾಲ್ಕೇ ಅಕ್ಷರ, ಆದರೆ ಎರಡಕ್ಕೆ ಒತ್ತು. ಷ್ಟ ಬರೆಯಲು ಮೂರು ವಾರ ಹಿಡಿಯಿತು.

ಪೊಲೀಸರು ಇವಳದು ತಪ್ಪಿಲ್ಲವೆಂದು ಬರೆದುಕೊಟ್ಟ ಮೇಲೆ ಹೆಡ್‌ಮಾಸ್ತರರು ಕರೆಸಿದರು. ನಾನೂ ಜೊತೆಗೆ ಹೋದೆ. ಫೈಲಿಗೆ ಹೊಸ ಝೆರಾಕ್ಸ್ ಕೇಳಿದರು. ಅವ್ವ ಮೇಜಿನ ಮೇಲಿಟ್ಟು, "ಯಾಕ ಬೇಕಂತ ಇಲ್ಲೇ ಬರೀರಿ ಸರ್. ತಾರೀಖೂ ಹಾಕ್ರಿ" ಎಂದಳು. ಅವರು ನಗುತ್ತ ಬರೆದರು. ಅವ್ವ ಪೆನ್ನು ಇಸಿದುಕೊಂಡು, ನಾಲಿಗೆ ತುದಿ ಹೊರಗಿಟ್ಟು, ಕೆಳಗೆ ತನ್ನ ನಾಲ್ಕು ಅಕ್ಷರ ಬರೆದು ಸಹಿ ಹಾಕಿದಳು.

"ಇನ್ನೊಂದು ಇದ್ರ ಕೊಡ್ರಿ, ಇರ್ಲಿ" ಎಂದರು ಅವರು.

ಅವ್ವ ತಲೆ ಎತ್ತಿ ನೋಡಿದಳು. "ಇಲ್ರಿ ಸರ್. ಒಂದ ಸಾಕು."

ಹುಟ್ಟಿದಾಗಿನಿಂದ ನಾನು ಅವಳ ಬಾಯಲ್ಲಿ ಈ ಮಾತು ಕೇಳಿರಲಿಲ್ಲ. ಕಲಿಸಿದವಳು ನಾನೇ, ಖುಷಿಪಡಬೇಕಿತ್ತು. ಆದರೆ ಅವಳ ಬಾಯಿಂದ ಇನ್ನೊಂದು ಇರ್ಲಿ ಎಂಬುದನ್ನು ಕಿತ್ತುಕೊಂಡ, ಛತ್ರಿಯ ಕೆಳಗಿನ ಆ ಮುಖ ಎದುರಿಗೆ ಸಿಕ್ಕಿದ್ದರೆ ಉಗಿದುಬಿಡುತ್ತಿದ್ದೆ.

ಅಡುಗೆಕೋಣೆಯ ಬಾಗಿಲಲ್ಲಿ ಅವ್ವ ನಿಂತು ಕೇಳಿದಳು: "ಬರೋಬರಿ ಹೇಳಿದ್ನಿಲ್ಲ?"

"ಬರೋಬರಿ ಹೇಳಿದಿ ಅವ್ವಾ" ಎಂದೆ, ಹಲ್ಲು ಕಚ್ಚಿಕೊಂಡು.